ಕೊಯೋಟಿ ಬೇಟೆಗೆ ಯಾವ ತೋಟಾ? ಮೊದಲು ಗಾಳಿಯ ಲೆಕ್ಕ, ಆಮೇಲೆ ಅಂಗಡಿ

ಹೋದ ತಿಂಗಳು ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗ ಮೊಬೈಲ್ ಹಿಡ್ಕೊಂಡು ಬಂದ. ಅಮೆರಿಕದ ಒಂದು ರೀಲ್. ಹಳದಿ ಹುಲ್ಲಿನ ಬಯಲು, ದೂರದಲ್ಲಿ ಚುಕ್ಕೆಯಂಥ ಒಂದು ಪ್ರಾಣಿ, ಠಪ್ ಅಂತ ಒಂದು ಸದ್ದು, ಚುಕ್ಕೆ ಬಿತ್ತು. ಕೆಳಗೆ ‘600 ಗಜ’ ಅಂತ ಬರೆದಿತ್ತು. "ಅಣ್ಣಾ, ನೀನು ಅಲ್ಲೇ ಇದ್ದು ಬಂದೋನಲ್ವಾ? ಇದು ಯಾವ ರೈಫಲ್, ಯಾವ ತೋಟಾ ಹೇಳು" ಅಂದ.

ಅವನು ತಮಾಷೆಗೆ ಕೇಳಿದ್ದಲ್ಲ. ಹಿಂದಿನ ವಾರವಷ್ಟೇ ತೋಳ ಅವನ ರೊಪ್ಪದಿಂದ ಎರಡು ಮರಿ ಎತ್ಕೊಂಡು ಹೋಗಿತ್ತು. ಇಂಥ ರೀಲ್‌ಗಳನ್ನು ನೀವೂ ನೋಡಿರ್ತೀರಿ. ಕುರಿ ಸಾಕುವ, ಬೆಳೆ ಕಾಯುವ ಹುಡುಗರ ಮೊಬೈಲ್‌ಗೆ ಇವು ಹೇಗೋ ಬಂದು ಸೇರ್ತವೆ. ನೋಡಿದವರಿಗೆಲ್ಲ ಒಂದೇ ಅನಿಸಿಕೆ: ತೋಟಾ ಒಳ್ಳೇದಿದ್ರೆ ಸಾಕು, ದೂರ ತಾನಾಗೇ ಸಿಗುತ್ತೆ.

ನಾನು ಒಂದು ವರ್ಷ ಆ ಬಯಲಲ್ಲಿ ಕೂತು ನೋಡಿದವನು. ಆ ಅನಿಸಿಕೆ ತಪ್ಪು ಅಂತ ಅಂಕಿ ಸಮೇತ ಹೇಳೋದಕ್ಕೇ ಈ ವಾರದ ಬರಹ. ದುಬಾರಿ ತೋಟಾ ತಗೊಂಡ್ರೆ ಸಿಗೋದು ಹೆಚ್ಚೆಂದ್ರೆ ನೂರು ಗಜ. ಉಳಿದದ್ದೆಲ್ಲ ಗಾಳಿ ಓದುವ ಕಣ್ಣಿನಿಂದ, ಬೇಡ ಅನಿಸಿದಾಗ ಬೆರಳು ತಡೆಯೋದರಿಂದ ಬರೋದು.

ನಾನು ಅಲ್ಲಿ ಮಾಡಿದ್ದೇನು

ಕೃಷಿ ಪದವಿ ಮುಗಿದ ಮೇಲೆ ತರಬೇತಿ ವೀಸಾದಲ್ಲಿ ವಯೋಮಿಂಗ್ ರಾಜ್ಯದ ಒಂದು ಕುರಿ ರ‍್ಯಾಂಚ್‌ಗೆ ಹೋಗಿದ್ದೆ. ಮರ ಕಡಿಮೆ, ಗಾಳಿ ಜಾಸ್ತಿ. ಕಣ್ಣು ಹಾಯಿಸಿದಷ್ಟು ದೂರ ಕುರುಚಲು ಪೊದೆ, ಹುಲ್ಲು. ಮೇ ತಿಂಗಳಲ್ಲಿ ಕುರಿಗಳು ಬಯಲಲ್ಲೇ ಮರಿ ಹಾಕ್ತವೆ. ಅದೇ ಹೊತ್ತಿಗೆ ಕೊಯೋಟಿಗಳಿಗೂ ಗವಿಯಲ್ಲಿ ಮರಿ ಇರ್ತವೆ, ಅವಕ್ಕೂ ಹೊಟ್ಟೆ ತುಂಬಿಸಬೇಕು. ಜಗಳ ಶುರುವಾಗೋದು ಅಲ್ಲಿ.

ಕೊಯೋಟಿ ಅಂದ್ರೆ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ತೂಕ 9ರಿಂದ 20 ಕೆ.ಜಿ. ಒಳಗೆ. ವಯೋಮಿಂಗ್ ಕಾನೂನಿನಲ್ಲಿ ಅದು ‘ಪರಭಕ್ಷಕ ಪ್ರಾಣಿ’ ಪಟ್ಟಿಯಲ್ಲಿದೆ. ವರ್ಷಪೂರ್ತಿ ಹೊಡೆಯಬಹುದು. ‘ವಾರ್ಮಿಂಟ್’ ಅಂತ ಅವರು ಕರೆಯೋದು ಹುಲ್ಲುಗಾವಲಿಗೆ, ಬೆಳೆಗೆ ಕಾಟ ಕೊಡುವ ಸಣ್ಣ ಪ್ರಾಣಿಗಳನ್ನು. ನೆಲದಲ್ಲಿ ಬಿಲ ತೋಡುವ ಪ್ರೇರಿ ಡಾಗ್, ನೆಲದ ಅಳಿಲು ಇಂಥವು. ಕೊಯೋಟಿಯನ್ನೂ ಎಷ್ಟೋ ಜನ ಅದರಲ್ಲೇ ಸೇರಿಸ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಗುಂಡು ಹಾರಿಸಿದವನು ನಾನಲ್ಲ. ಯಜಮಾನರು ಅಥವಾ ಅವರ ಮಗ ರೈಫಲ್ ಹಿಂದೆ ಮಲಗ್ತಿದ್ರು. ನಾನು ಪಕ್ಕದಲ್ಲಿ ದುರ್ಬೀನು, ದೂರ ಅಳೆಯುವ ರೇಂಜ್‌ಫೈಂಡರ್ ಹಿಡ್ಕೊಂಡು ಕೂತು "ಇಷ್ಟು ಗಜ, ಇಷ್ಟು ಗಾಳಿ" ಅಂತ ಹೇಳುವವನು. ಈ ಕೆಲಸದಲ್ಲಿ ಒಂದು ಅನುಕೂಲ ಇದೆ. ಹೊಡೆದವನಿಗೆ ಬಿದ್ದದ್ದು ನೆನಪಿರುತ್ತೆ, ಪಕ್ಕದಲ್ಲಿ ಕೂತವನಿಗೆ ತಪ್ಪಿದ್ದೂ ನೆನಪಿರುತ್ತೆ.

ನಾಲ್ಕು ತೋಟಾ, ನಾಲ್ಕು ಗುಣ

ತೋಟಾ ಅಂದ್ರೆ ಹಿತ್ತಾಳೆ ಕೊಳವೆ, ಅದರ ಬುಡದಲ್ಲಿ ಕಿಡಿ ಹಚ್ಚುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಗುಂಡಿನ ತೂಕವನ್ನು ‘ಗ್ರೇನ್’ ಲೆಕ್ಕದಲ್ಲಿ ಹೇಳ್ತಾರೆ. ಒಂದು ಗ್ರಾಂಗೆ ಸುಮಾರು ಹದಿನೈದೂವರೆ ಗ್ರೇನ್. ಅಂದ್ರೆ 55 ಗ್ರೇನ್ ಗುಂಡು ಮೂರೂವರೆ ಗ್ರಾಂ ಅಷ್ಟೇ. ಕೊಯೋಟಿ ವಿಷಯಕ್ಕೆ ಬಂದ್ರೆ ಅಲ್ಲಿ ಎಲ್ಲರ ಬಾಯಲ್ಲೂ ನಾಲ್ಕು ಹೆಸರು ಓಡಾಡ್ತವೆ.

ಮೊದಲನೇದು .223 ರೆಮಿಂಗ್ಟನ್. 1964ರಲ್ಲಿ ಮಾರುಕಟ್ಟೆಗೆ ಬಂತು. 55 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 3,240 ಅಡಿ ವೇಗದಲ್ಲಿ ಹೊರಡುತ್ತೆ. ಒದೆತ ಕಡಿಮೆ, ನಳಿಗೆ ಬಹಳ ದಿನ ಬಾಳುತ್ತೆ, ತೋಟಾ ಎಲ್ಲ ಕಡೆ ಸಿಗುತ್ತೆ, ಬೆಲೆಯೂ ಈ ನಾಲ್ಕರಲ್ಲಿ ಕಡಿಮೆ. ಸೈನ್ಯದ 5.56 ತೋಟಾ ಇದರ ಅಣ್ಣತಮ್ಮ. ನೋಡೋಕೆ ಒಂದೇ ಥರ ಇದ್ರೂ, .223 ಅಂತ ಮಾತ್ರ ಬರೆದಿರುವ ರೈಫಲ್‌ಗೆ 5.56 ಹಾಕಬಾರದು, ಒತ್ತಡ ಜಾಸ್ತಿ ಆಗುತ್ತೆ.

ಎರಡನೇದು .22-250. ಗುಂಡು .223ರದ್ದೇ, ಹಿಂದಿರುವ ಕೊಳವೆ ದೊಡ್ಡದು. ಹಳೆಯ .250 ಸ್ಯಾವೇಜ್ ತೋಟಾದ ಕುತ್ತಿಗೆ ಸಣ್ಣದು ಮಾಡಿ ಜನ ಮನೆಯಲ್ಲೇ ಮಾಡ್ಕೊಳ್ತಿದ್ದ ತೋಟಾ ಇದು. 1965ರಲ್ಲಿ ರೆಮಿಂಗ್ಟನ್ ಕಂಪನಿ ಕಾರ್ಖಾನೆಯಲ್ಲಿ ಮಾಡಲು ಶುರು ಮಾಡಿತು. ಅದೇ 55 ಗ್ರೇನ್ ಗುಂಡು ಇದರಲ್ಲಿ ಸುಮಾರು 3,680 ಅಡಿ ವೇಗದಲ್ಲಿ ಹೋಗುತ್ತೆ. ಹಳೇ ಕೊಯೋಟಿ ಬೇಟೆಗಾರರ ಮೆಚ್ಚಿನ ತೋಟಾ ಯಾವುದು ಅಂತ ಕೇಳಿದ್ರೆ ಇದರ ಹೆಸರು ಬರುತ್ತೆ. ಬಿಸಿ ಜಾಸ್ತಿ, ನಳಿಗೆ .223ಕ್ಕಿಂತ ಬೇಗ ಸವೆಯುತ್ತೆ.

ಮೂರನೇದು .243 ವಿಂಚೆಸ್ಟರ್, 1955ರದ್ದು. .308 ತೋಟಾದ ಕುತ್ತಿಗೆ ಕಿರಿದು ಮಾಡಿದ್ದು. 58 ಗ್ರೇನ್‌ನಿಂದ 100 ಗ್ರೇನ್‌ವರೆಗೆ ಗುಂಡು ಸಿಗುತ್ತೆ. ಹಗುರ ಗುಂಡು ಹಾಕಿದ್ರೆ ಕೊಯೋಟಿಗೆ, ಭಾರದ್ದು ಹಾಕಿದ್ರೆ ಜಿಂಕೆಗೆ. ಒಂದೇ ರೈಫಲ್‌ನಲ್ಲಿ ಎರಡೂ ಕೆಲಸ ಆಗಬೇಕು ಅನ್ನೋ ರೈತರ ಮನೆಯಲ್ಲಿ ಇದು ಇರುತ್ತೆ.

ನಾಲ್ಕನೇದು ರೀಲ್‌ಗಳ ಹೀರೋ, 6.5 ಕ್ರೀಡ್‌ಮೂರ್. ಹಾರ್ನಡಿ ಕಂಪನಿ 2007ರಲ್ಲಿ ಗುರಿ ಸ್ಪರ್ಧೆಗಾಗಿ ಮಾಡಿದ್ದು. 140 ಗ್ರೇನ್ ಆಸುಪಾಸಿನ ಉದ್ದನೆಯ ಗುಂಡು, ವೇಗ ಸುಮಾರು 2,700 ಅಡಿ. ಹೊರಡುವಾಗ ನಿಧಾನ, ಆದರೆ ಉದ್ದ ಚೂಪು ಆಕಾರದಿಂದಾಗಿ ಗಾಳಿಯನ್ನು ಸೀಳ್ಕೊಂಡು ಹೋಗುತ್ತೆ.

ಇವಲ್ಲದೆ .204 ರೂಗರ್, .17 ಎಚ್‌ಎಂಆರ್ ಅಂತ ಇನ್ನೂ ಇವೆ. ಅವು ಪ್ರೇರಿ ಡಾಗ್‌ನಂಥ ಚಿಕ್ಕ ಪ್ರಾಣಿಗೆ ಸರಿ. .17 ಎಚ್‌ಎಂಆರ್‌ನ ಗುಂಡು ಬರೀ 17 ಗ್ರೇನ್. ಬಯಲ ಗಾಳಿಯಲ್ಲಿ, ಕೊಯೋಟಿಯಂಥ ಪ್ರಾಣಿಗೆ ಅದನ್ನು ನಂಬಬಾರದು.

ಬೀಳೋದು ಲೆಕ್ಕಕ್ಕೆ ಸಿಗುತ್ತೆ, ಗಾಳಿ ಸಿಗಲ್ಲ

ಅಂಗಡಿಯವನು ಮೊದಲು ಹೇಳೋದು ವೇಗ. ವೇಗ ಜಾಸ್ತಿ ಇದ್ರೆ ಗುಂಡು ನೇರ ಹೋಗುತ್ತೆ ಅಂತ. ಅದು ಅರ್ಧ ನಿಜ. 200 ಗಜಕ್ಕೆ ಗುರಿ ಹೊಂದಿಸಿದ ರೈಫಲ್‌ನಲ್ಲಿ 300 ಗಜದ ಹೊತ್ತಿಗೆ .223ರ ಗುಂಡು ಏಳೆಂಟು ಇಂಚು ಕೆಳಗೆ ಬೀಳುತ್ತೆ, .22-250ರದ್ದು ಐದಾರು ಇಂಚು, .243ರಲ್ಲಿ 87 ಗ್ರೇನ್ ಗುಂಡು ಹಾಕಿದ್ರೆ ಆರು ಇಂಚಿನ ಹತ್ತಿರ. ವ್ಯತ್ಯಾಸ ಎರಡು ಇಂಚು. ಆ ಎರಡು ಇಂಚಿಗೆ ಪರದಾಡಬೇಕಿಲ್ಲ. ರೇಂಜ್‌ಫೈಂಡರ್ ದೂರ ಹೇಳುತ್ತೆ, ಮೊಬೈಲ್‌ನಲ್ಲಿರುವ ಬ್ಯಾಲಿಸ್ಟಿಕ್ ಆ್ಯಪ್ ಎಷ್ಟು ಮೇಲೆ ಹಿಡಿಬೇಕು ಅಂತ ಹೇಳುತ್ತೆ. ಇವತ್ತು ಎಷ್ಟು ಬೀಳುತ್ತೋ ನಾಳೆಯೂ ಹೆಚ್ಚುಕಮ್ಮಿ ಅಷ್ಟೇ ಬೀಳುತ್ತೆ.

ಗಾಳಿ ಹಾಗಲ್ಲ. ಗಂಟೆಗೆ 10 ಮೈಲಿ, ಅಂದ್ರೆ 16 ಕಿ.ಮೀ. ವೇಗದ ಗಾಳಿ ಪಕ್ಕದಿಂದ ಬೀಸ್ತಿದೆ ಅಂತಿಟ್ಟುಕೊಳ್ಳಿ. ಅಲ್ಲಿ ಅದು ಬೆಳಗಿನ ತಂಗಾಳಿ. 300 ಗಜಕ್ಕೆ .223ರ 55 ಗ್ರೇನ್ ಗುಂಡನ್ನು ಅದು ಸುಮಾರು 11 ಇಂಚು ಪಕ್ಕಕ್ಕೆ ತಳ್ಳುತ್ತೆ. .22-250 ಆದ್ರೆ 9 ಇಂಚು. .243ರ 87 ಗ್ರೇನ್ ಆದ್ರೆ ಆರೂವರೆ. 6.5 ಕ್ರೀಡ್‌ಮೂರ್ ಆದ್ರೆ 5. (ಸಮುದ್ರ ಮಟ್ಟದ ಹವೆಗೆ ಹಾಕಿದ ಅಂದಾಜು ಇದು. ಎತ್ತರದ ಜಾಗದಲ್ಲಿ ಗಾಳಿ ತೆಳು, ಸ್ವಲ್ಪ ಕಡಿಮೆಯಾಗುತ್ತೆ.)

ಇಷ್ಟು ನೋಡಿದ ತಕ್ಷಣ "ಹಾಗಾದ್ರೆ ಕ್ರೀಡ್‌ಮೂರೇ ತಗೊಳ್ಳೋಣ" ಅನಿಸುತ್ತೆ. ಸ್ವಲ್ಪ ತಾಳಿ.

ಗಾಳಿ 10 ಮೈಲಿ ಅಂತ ಖಚಿತವಾಗಿ ಗೊತ್ತಿದ್ರೆ 11 ಇಂಚು ಪಕ್ಕಕ್ಕೆ ಹಿಡಿದು ಹೊಡೆದ್ರೆ ಆಯ್ತು. ತೊಂದ್ರೆ ಬರೋದು ನಮ್ಮ ಅಂದಾಜು ತಪ್ಪಿದಾಗ. ಒಂದು ವರ್ಷ ದಿನಾ ಗಾಳಿ ಹೇಳಿದ ಮೇಲೂ ನನ್ನ ಅಂದಾಜು 5 ಮೈಲಿ ಆಚೀಚೆ ಆಗ್ತಿತ್ತು. ನಾವು ಕೂತ ಕಡೆ ಒಂದು ಗಾಳಿ, ಮಧ್ಯದ ಹಳ್ಳದಲ್ಲಿ ಇನ್ನೊಂದು, ಕೊಯೋಟಿ ನಿಂತ ದಿಬ್ಬದಲ್ಲಿ ಮತ್ತೊಂದು. ಇನ್ನು ಕೊಯೋಟಿಯ ಎದೆ, ಅಂದ್ರೆ ಗುಂಡು ತಾಗಿದ್ರೆ ತಕ್ಷಣ ಪ್ರಾಣ ಹೋಗುವ ಜಾಗ, ಏಳು ಇಂಚಿನ ತಟ್ಟೆಯಷ್ಟು. ನಡುವಿಗೆ ಗುರಿ ಇಟ್ರೆ ಆಚೀಚೆ ಮೂರೂವರೆ ಇಂಚು ಮಾತ್ರ ನಮಗೆ ಸಿಗುವ ರಿಯಾಯಿತಿ.

ಈಗ ಲೆಕ್ಕ ಹಾಕಿ. 5 ಮೈಲಿ ಗಾಳಿಯ ತಪ್ಪು ಮೂರೂವರೆ ಇಂಚು ದಾಟದೇ ಇರುವ ದೂರ ಯಾವ ತೋಟಾಕ್ಕೆ ಎಷ್ಟು? ನಾನು ಹಾಕಿದ ಲೆಕ್ಕ ಹೀಗೆ ಬಂತು:

.223, 55 ಗ್ರೇನ್: ಸುಮಾರು 250 ಗಜ
.22-250, 55 ಗ್ರೇನ್: ಸುಮಾರು 270 ಗಜ
.243, 87 ಗ್ರೇನ್: ಸುಮಾರು 310 ಗಜ
6.5 ಕ್ರೀಡ್‌ಮೂರ್, 140 ಗ್ರೇನ್ ಆಸುಪಾಸು: ಸುಮಾರು 350 ಗಜ

ನೋಡಿದ್ರಾ? ಬಡವರ ತೋಟಾಕ್ಕೂ ರೀಲ್ ಹೀರೋಗೂ ನಡುವೆ ಇರೋದು ನೂರೇ ಗಜ. ಅದಕ್ಕೆ ಒಂದೂವರೆ ಪಟ್ಟು ಮದ್ದು ಸುಡಬೇಕು, ಒದೆತ ತಡ್ಕೋಬೇಕು, ತೋಟಾಕ್ಕೆ ಜಾಸ್ತಿ ದುಡ್ಡು ಕೊಡಬೇಕು. 600 ಗಜ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಇದು ಕೈ ಅಲುಗದ, ರೈಫಲ್ ಚೂರೂ ಚದುರದ ಲೆಕ್ಕ. ನಿಜವಾದ ಹೊಲದಲ್ಲಿ ಇನ್ನೂ ಇಳಿಸ್ಕೋಬೇಕು.

ನಾನು ಹೇಳಿದ ಗಾಳಿ

ಈ ಲೆಕ್ಕ ನಾನು ಮೊದಲೇ ಹಾಕಿರಲಿಲ್ಲ. ಒಂದು ಬೆಳಗ್ಗೆ ಆದ ಮೇಲೆ ಹಾಕಿದೆ.

ಯಜಮಾನರ ಮಗನಿಗೆ ನನ್ನಷ್ಟೇ ವಯಸ್ಸು. ಹೊಸ 6.5 ಕ್ರೀಡ್‌ಮೂರ್ ತಂದಿದ್ದ, ದೊಡ್ಡ ಸ್ಕೋಪ್ ಹಾಕಿಸಿದ್ದ. ಕಬ್ಬಿಣದ ತಟ್ಟೆಗೆ 600 ಗಜದಿಂದ ಠಣ್ ಅನ್ನಿಸ್ತಿದ್ದ. ಒಳ್ಳೇ ಗುರಿಕಾರ, ಅದರಲ್ಲಿ ಅನುಮಾನ ಇಲ್ಲ. ಮೇ ಕೊನೆಯಲ್ಲಿ ಒಂದು ಬೆಳಗ್ಗೆ, ಹಿಂದಿನ ರಾತ್ರಿ ಸತ್ತ ಮರಿಯ ಹತ್ತಿರಕ್ಕೆ ಕೊಯೋಟಿ ವಾಪಸ್ ಬಂತು. ರೇಂಜ್‌ಫೈಂಡರ್‌ನಲ್ಲಿ 480 ಗಜ. "ಗಾಳಿ ಎಷ್ಟು?" ಅಂತ ಕೇಳ್ದ. ಹುಲ್ಲು ನೋಡಿ "ಎಡದಿಂದ ಹತ್ತು" ಅಂದೆ. ಅವನು ಹತ್ತಕ್ಕೆ ತಿರುಗಿಸಿ ಹೊಡೆದ.

ಅಷ್ಟು ದೂರ ಹೋಗೋಕೆ ಗುಂಡಿಗೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಆ ದಿಬ್ಬದ ಮೇಲೆ ಗಾಳಿ ಹತ್ತಲ್ಲ, ಹದಿನೈದಿತ್ತು. ಕೊಯೋಟಿ ಗಿರ್ರನೆ ಸುತ್ತಿ, ತನ್ನ ಹೊಟ್ಟೆಯನ್ನೇ ಕಚ್ಚಿಕೊಂಡು, ಹಳ್ಳಕ್ಕೆ ಇಳಿದು ಹೋಯ್ತು. ದುರ್ಬೀನಿನಲ್ಲಿ ಅದನ್ನು ಸ್ಪಷ್ಟವಾಗಿ ನೋಡಿದವನು ನಾನೊಬ್ಬನೇ. ಮಧ್ಯಾಹ್ನದವರೆಗೆ ಇಬ್ಬರೂ ಹುಡುಕಿದ್ವಿ. ರಕ್ತ ಕಲ್ಲಿನ ಮೇಲೆ ನಿಂತು ಹೋಯ್ತು. ಮೂರನೇ ದಿನ ಸಂಜೆ ಕುರಿ ನೀರಿಗೆ ಹೊಡ್ಕೊಂಡು ಹೋಗುವಾಗ ಪೊದೆ ಕೆಳಗೆ ಸಿಕ್ತು. ಇನ್ನೂ ಉಸಿರಾಡ್ತಿತ್ತು. ಯಜಮಾನರು ಬಂದು ಮುಗಿಸಿದ್ರು. ಹೆಣ್ಣು ಅದು, ಮೊಲೆಯಲ್ಲಿ ಹಾಲಿತ್ತು.

ಯಜಮಾನರು ಮಗನಿಗೆ ಬೈಲಿಲ್ಲ, ನನಗೂ ಬೈಲಿಲ್ಲ. "ನಾಳೆಯಿಂದ ಹಳೇದನ್ನ ತಗೊಂಡು ಹೋಗಿ" ಅಂದ್ರು. ಹಳೇದು ಅಂದ್ರೆ ಮೂಲೆಯಲ್ಲಿದ್ದ .223. ಅದು ಕೈಯಲ್ಲಿದ್ರೆ 480 ಗಜಕ್ಕೆ ಹೊಡೀಬೇಕು ಅಂತ ಯಾರಿಗೂ ಅನಿಸಲ್ಲ. ಹತ್ತಿರ ಹೋಗ್ತೀರಿ, ಇಲ್ಲ ಕರೆದು ಹತ್ತಿರ ಬರಿಸ್ಕೊಳ್ತೀರಿ.

ಅವತ್ತು ರಾತ್ರಿ ಆ್ಯಪ್ ತೆಗೆದು ನೋಡಿದೆ. 480 ಗಜದಲ್ಲಿ, ಗಾಳಿಗೆ ಅಷ್ಟು ಗಟ್ಟಿ ಅನ್ನಿಸ್ಕೊಂಡ ಕ್ರೀಡ್‌ಮೂರ್ ಗುಂಡಿಗೂ 5 ಮೈಲಿ ತಪ್ಪಂದ್ರೆ ಆರೇಳು ಇಂಚು. ಎದೆಗೆ ಇಟ್ಟ ಗುರಿ ಹೊಟ್ಟೆಗೆ ಹೋಗೋಕೆ ಅಷ್ಟು ಸಾಕು. ಅದೇ ತಪ್ಪನ್ನ 200 ಗಜದಲ್ಲಿ .223 ಇಟ್ಕೊಂಡು ಮಾಡಿದ್ದಿದ್ರೆ ಎರಡು ಇಂಚು ಚಿಲ್ಲರೆ. ಪ್ರಾಣಿ ನಿಂತ ಜಾಗದಲ್ಲೇ ಬೀಳ್ತಿತ್ತು.

ಎದುರು ವಾದವೂ ಇದೆ

ದೊಡ್ಡ ತೋಟಾ ಬೇಕು ಅನ್ನುವವರ ಮಾತಲ್ಲಿ ಹುರುಳಿಲ್ಲ ಅಂತಲ್ಲ. ಆ ಮಗನೇ ನನಗೆ ಹೇಳಿದ್ದ: "ಮರಿ ತಿನ್ನೋ ಕೊಯೋಟಿ ವಾರಕ್ಕೆ ಒಂದೇ ಸಲ ಕಣ್ಣಿಗೆ ಬೀಳುತ್ತೆ. ಅದು 300 ಗಜದಲ್ಲಿ ನಿಂತ್ರೆ .223 ಇದೆ ಅಂತ ಬಿಟ್ಟು ಬರಲಾ? ಅವತ್ತು ರಾತ್ರಿ ಮತ್ತೆರಡು ಮರಿ ಹೋದ್ರೆ?" ಸತ್ತ ಮರಿ ಲೆಕ್ಕ ಹಾಕೋನಿಗೆ ಇದು ಸಣ್ಣ ಮಾತಲ್ಲ. ಕುರಿ ಸಾಕಿದ ನಮಗೂ ಅದು ಗೊತ್ತು. 300 ಗಜದಲ್ಲಿ .243ರ ಭಾರದ ಗುಂಡು 5 ಮೈಲಿ ತಪ್ಪನ್ನ ಮೂರು ಇಂಚು ಚಿಲ್ಲರೆಯಲ್ಲಿ ತಡ್ಕೊಳ್ಳುತ್ತೆ, .223 ಐದೂವರೆ ಇಂಚು ಹೋಗುತ್ತೆ. ಆ ದೂರದಲ್ಲಿ ಅವನು ಹೇಳಿದ್ದು ಸರಿ.

ಆದ್ರೆ ನಾನು ನೋಡಿದ್ದು ಬೇರೆ. ದೊಡ್ಡ ತೋಟಾ ಕೈಗೆ ಬಂದ ಮೇಲೆ 300 ಗಜದಲ್ಲಿ ಯಾರೂ ನಿಲ್ಲಲ್ಲ. ನೂರು ಗಜ ಹೆಚ್ಚು ಸಿಕ್ಕವನು ಇನ್ನೂರು ಗಜ ಹೆಚ್ಚು ಹೊಡೀತಾನೆ. ತೋಟಾ ಕೊಟ್ಟ ರಿಯಾಯಿತಿಯನ್ನ ದೂರ ತಿಂದುಹಾಕುತ್ತೆ.

ಇನ್ನೊಂದು ಮಾತು ಅಭ್ಯಾಸದ್ದು. ತೋಟಾ ಕಡಿಮೆ ಬೆಲೆಗೆ ಸಿಕ್ಕಿದ್ರೆ ವಾರಕ್ಕೆ ಐವತ್ತು ಹೊಡೆದು ಕಲೀಬಹುದು. ದುಬಾರಿಯಾದ್ರೆ ವರ್ಷಕ್ಕೆ ಐವತ್ತು. ಒದೆತ ಕಡಿಮೆ ಇದ್ರೆ ಹೊಡೆದವನಿಗೇ ಸ್ಕೋಪ್‌ನಲ್ಲಿ ಗುಂಡು ಎಲ್ಲಿ ಬಿತ್ತು ಅಂತ ಕಾಣುತ್ತೆ, ತಪ್ಪು ತಾನೇ ತಿದ್ದಿಕೊಳ್ತಾನೆ. ಗಾಳಿ ಓದೋದು ಹಾಗೇ ಬರೋದು, ಆ್ಯಪ್‌ನಿಂದ ಬರಲ್ಲ.

ಗುಂಡು ಪ್ರಾಣಿ ದಾಟಿ ಎಲ್ಲಿಗೆ ಹೋಗುತ್ತೆ?

ಜೂನ್‌ನಲ್ಲಿ ಇನ್ನೊಂದು ಬೆಳಗ್ಗೆ. ಕೊಯೋಟಿ ದಿಬ್ಬದ ನೆತ್ತಿ ಮೇಲೆ ನಿಂತಿತ್ತು, ಹಿಂದೆ ಬರೀ ಆಕಾಶ. 220 ಗಜ. ಕೈಯಲ್ಲಿ .223. ನನ್ನ ಲೆಕ್ಕದ ಪ್ರಕಾರ ಎಲ್ಲ ಸರಿ ಇತ್ತು. ಮಗ ಬೆರಳು ಇಟ್ಟಿದ್ದ. ದುರ್ಬೀನಿನಲ್ಲಿ ನೆತ್ತಿಯ ಆಚೆ ಒಂದು ತೆಳು ಹೊಗೆ ಕಾಣಿಸ್ತು. "ಬೇಡ" ಅಂದೆ. ಅಷ್ಟೇ ಹೇಳಿದ್ದು. ಅವನು ಬೆರಳು ತೆಗೆದ. ಕೊಯೋಟಿ ಹೋಯ್ತು.

ಪೆರು ದೇಶದಿಂದ ಬಂದ ಕುರಿಗಾಹಿಯೊಬ್ಬರು ಅಲ್ಲಿ ಕೆಲಸ ಮಾಡ್ತಿದ್ರು. ಕುರಿ ಜೊತೆಗೇ ಗಾಡಿಮನೆಯಲ್ಲಿ ಇರ್ತಾರೆ. ನೀರು ಕಡಿಮೆಯಾಯ್ತು ಅಂತ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಗಾಡಿ ಈ ಕಡೆ ತಂದಿದ್ರು. ನಾವು ದಿಬ್ಬ ಹತ್ತಿ ನೋಡಿದಾಗ ಅವರು ಒಲೆ ಮುಂದೆ ಕೂತು ಕಾಫಿ ಕಾಸ್ತಿದ್ರು. ನಮ್ಮನ್ನ ನೋಡಿ ಕೈ ಬೀಸಿದ್ರು. ನಾವೂ ಬೀಸಿದ್ವಿ. ಮಗನ ಮುಖ ಬಿಳಿಚಿಕೊಂಡಿತ್ತು. ವಾಪಸ್ ಬರುವಾಗ ಇಬ್ಬರೂ ಮಾತಾಡಲಿಲ್ಲ.

ಸಾಮಾನ್ಯ .22 ತೋಟಾದ ಡಬ್ಬಿ ಮೇಲೇ ‘ಒಂದೂವರೆ ಮೈಲಿ ಹೋಗುತ್ತೆ, ಎಚ್ಚರ’ ಅಂತ ಬರೆದಿರ್ತಾರೆ. ನಾಲ್ಕರಲ್ಲಿ ಯಾವ ತೋಟಾ ತಗೊಂಡ್ರೂ ಅದು ಆ .22ಕ್ಕಿಂತ ಎಷ್ಟೋ ಪಟ್ಟು ಶಕ್ತಿಯದ್ದು. ಪ್ರಾಣಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದೇ ಇದ್ರೆ ಹೊಡೆಯೋ ಹಾಗಿಲ್ಲ. ತೋಟಾದ ಪಟ್ಟಿಯಲ್ಲಿ ಈ ಕಾಲಂ ಯಾರೂ ಬರೆಯಲ್ಲ.

ಇದಕ್ಕೇ ಗುಂಡಿನ ರಚನೆಯೂ ಮುಖ್ಯ. ವಾರ್ಮಿಂಟ್‌ಗೆ ಅಂತಲೇ ಮಾಡಿದ, ತುದಿಯಲ್ಲಿ ಪ್ಲಾಸ್ಟಿಕ್ ಮೊನೆ ಇರುವ ತೆಳು ಕವಚದ ಗುಂಡು ತಾಗಿದ ತಕ್ಷಣ ಒಡೆದು ಹೋಗುತ್ತೆ. ಪ್ರಾಣಿಯೂ ಬೇಗ ಸಾಯುತ್ತೆ, ಗುಂಡು ಕಲ್ಲಿಗೆ ತಾಗಿ ಚಿಮ್ಮೋದೂ ಕಡಿಮೆ. ಪೂರ್ತಿ ತಾಮ್ರದ ಕವಚದ ಅಗ್ಗದ ಗುಂಡು ಪ್ರಾಣಿಯನ್ನು ತೂರಿಕೊಂಡು ಆಚೆ ಹೋಗಿಬಿಡುತ್ತೆ.  ಇನ್ನು ಸೀಸದ ಚೂರು. ಬಯಲಲ್ಲಿ ಬಿಟ್ಟ ಹೆಣವನ್ನ ಹದ್ದುಗಳು ತಿಂದ್ರೆ ಸೀಸ ಅವುಗಳ ಹೊಟ್ಟೆಗೆ ಹೋಗುತ್ತೆ. ಕ್ಯಾಲಿಫೋರ್ನಿಯಾ ರಾಜ್ಯ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಅಲ್ಲಿ ತಾಮ್ರದ ಗುಂಡು ಹುಡುಕಬೇಕು.

ಹಾಗಾದ್ರೆ ನನ್ನ ಓಟು ಯಾವುದಕ್ಕೆ?

ಆ ಬಯಲಲ್ಲಿ ಕುರಿ ಕಾಯೋ ಹೊಸಬರಿಗೆ .223. ನಳಿಗೆ ಒಳಗಿನ ಸುರುಳಿ ಗೆರೆ 8 ಇಂಚಿಗೆ ಒಂದು ಸುತ್ತು ಸುತ್ತುವಂಥದ್ದು ಇರಲಿ. ಆಗ 55 ಗ್ರೇನ್ ಅಷ್ಟೇ ಅಲ್ಲ, 69ರಿಂದ 77 ಗ್ರೇನ್‌ವರೆಗಿನ ಉದ್ದ ಗುಂಡೂ ತಿರುಗಿ ನೇರ ಹೋಗುತ್ತೆ, ಗಾಳಿಗೆ ಸ್ವಲ್ಪ ಗಟ್ಟಿ ನಿಲ್ಲುತ್ತೆ. ಹಳೇ .22-250 ರೈಫಲ್‌ಗಳಲ್ಲಿ ಸಾಮಾನ್ಯವಾಗಿ 14 ಇಂಚಿಗೆ ಒಂದು ಸುತ್ತು. ಅವಕ್ಕೆ 55 ಗ್ರೇನ್ ದಾಟಿದ ಉದ್ದ ಗುಂಡು ಒಗ್ಗೋದು ಕಷ್ಟ. ಸೆಕೆಂಡ್‌ಹ್ಯಾಂಡ್ ತಗೊಳ್ಳೋರು ಇದನ್ನ ಕೇಳದೇ ತಗೊಂಡು ಆಮೇಲೆ ಪರದಾಡ್ತಾರೆ.

ಎರಡು ವರ್ಷ ಅಭ್ಯಾಸ ಆಗಿ, ಗಾಳಿ ಓದೋಕೆ ಬಂದು, ತನ್ನ ಜಮೀನಿನಲ್ಲಿ ನಿಜಕ್ಕೂ 300 ಗಜದ ಹತ್ತಿರ ಹೋಗೋಕಾಗದ ಜಾಗ ಇದ್ರೆ .243. ಅದರ ಆಚೆ ಯಾವ ತೋಟಾವನ್ನೂ ನಾನು ಹೇಳಲ್ಲ. 6.5 ಕ್ರೀಡ್‌ಮೂರ್ ಒಳ್ಳೇ ತೋಟಾನೇ. ಕಬ್ಬಿಣದ ತಟ್ಟೆಗೆ. ತಟ್ಟೆಗೆ ಗುಂಡು ಪಕ್ಕಕ್ಕೆ ಬಿದ್ರೆ ಯಾರೂ ಮೂರು ದಿನ ಪೊದೆ ಕೆಳಗೆ ನರಳಲ್ಲ.

ಇಷ್ಟೆಲ್ಲ ಆದ ಮೇಲೂ ಆ ವರ್ಷ ಮರಿ ಉಳಿಸಿದ್ದು ರೈಫಲ್ ಅಂತ ನಾನು ಹೇಳಲ್ಲ. ಹಿಂಡಿನ ಜೊತೆಗೇ ಬೆಳೆದ ಎರಡು ಬಿಳಿ ಗ್ರೇಟ್ ಪಿರನೀಸ್ ನಾಯಿಗಳಿದ್ವು. ಅವು ಇದ್ದ ಹಿಂಡಿನಲ್ಲಿ ಸತ್ತ ಮರಿ ಕಡಿಮೆ. ನಾಯಿ ಇಲ್ಲದ ಹಿಂಡಿಗೆ ನಾವು ರೈಫಲ್ ಹಿಡ್ಕೊಂಡು ರಾತ್ರಿ ಎಲ್ಲ ಓಡಾಡಿದ್ವಿ. ಕೊಯೋಟಿಯನ್ನ ಸಿಕ್ಕಸಿಕ್ಕಲ್ಲಿ ಹೊಡೆದ್ರೆ ಉಳಿದವು ಹೆಚ್ಚು ಮರಿ ಹಾಕಿ ಜಾಗ ತುಂಬ್ತವೆ ಅಂತ ಅಲ್ಲಿನ ತಜ್ಞರು ಹೇಳ್ತಾರೆ. ಯಜಮಾನರೂ ಕುರಿಗೆ ಬಾಯಿ ಹಾಕಿದ್ದನ್ನ ಬಿಟ್ಟು ಬೇರೆ ಕೊಯೋಟಿ ತಂಟೆಗೆ ಹೋಗ್ತಿರಲಿಲ್ಲ.

ತಮ್ಮನಿಗೆ ಹೇಳಿದ್ದು

ಇದನ್ನೆಲ್ಲ ತಮ್ಮನಿಗೆ ಹೇಳಿ ಮುಗಿಸುವಷ್ಟರಲ್ಲಿ ಚಹಾ ಎರಡು ಸಲ ಆಗಿತ್ತು. "ಸರಿ, ನಮಗೆ?" ಅಂದ.

ನಮಗೆ ತೋಟಾದ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ತೋಳ ಒಂದನೇ ಅನುಸೂಚಿಯ ಪ್ರಾಣಿ. ಹುಲಿಗೆ ಯಾವ ರಕ್ಷಣೆಯೋ ಅದಕ್ಕೂ ಅದೇ. ಹೊಡೆದ್ರೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೂ ಜೈಲು. ಅಲ್ಲಿನ ಬಯಲಿನ ಕಾನೂನು ಅಲ್ಲಿಗೆ, ಇಲ್ಲಿಯದು ಇಲ್ಲಿಗೆ. ವಯೋಮಿಂಗ್‌ನ ರೀಲ್ ನೋಡಿ ಚಿತ್ರದುರ್ಗದಲ್ಲಿ ಬಂದೂಕು ಹುಡುಕಿದ್ರೆ ಮರಿಯೂ ಹೋಗುತ್ತೆ, ಮನೆಯೂ ಹೋಗುತ್ತೆ. ತೋಳ ಹಿಡಿದ ಕುರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ಹೆಣ ಇದ್ದಲ್ಲೇ ಬಿಟ್ಟು ಫೋಟೊ ತೆಗೆದು, ತಡ ಮಾಡದೇ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಬೇಕು.

ಆಮೇಲೆ ಇಬ್ಬರೂ ರೊಪ್ಪ ನೋಡೋಕೆ ಹೋದ್ವಿ. ಮುಳ್ಳು ಬೇಲಿ ಒಂದು ಮೂಲೆಯಲ್ಲಿ ಮೊಣಕಾಲಷ್ಟಕ್ಕೆ ಕುಸಿದಿತ್ತು. ತೋಳ ಅಲ್ಲಿಂದಲೇ ಬಂದಿದ್ದು, ಮಣ್ಣಲ್ಲಿ ಹೆಜ್ಜೆ ಇನ್ನೂ ಇತ್ತು. ನಾಯಿಯನ್ನ ಮನೆ ಬಾಗಿಲಿಗೆ ಕಟ್ಟಿದ್ದ, ರೊಪ್ಪದಿಂದ ಇನ್ನೂರು ಹೆಜ್ಜೆ ಆಚೆ.

"ಇಲ್ಲಿಂದ ಅಲ್ಲಿಗೆ ಎಷ್ಟು ಗಜ ಹೇಳು ನೋಡೋಣ" ಅಂದೆ. ನಕ್ಕ. ಅವತ್ತು ಸಂಜೆಯೇ ಮೂಲೆಗೆ ಜಾಲಿ ಮುಳ್ಳು ತುಂಬಿಸಿ, ಮರಿಗಳಿಗೆ ಒಳಗಡೆ ಬೇರೆ ಬಲೆ ಕಟ್ಟಿ, ನಾಯಿಯನ್ನ ಕುರಿ ಜೊತೆಗೆ ಬಿಟ್ವಿ. ಮೊನ್ನೆ ಫೋನ್ ಮಾಡಿದ್ದ. ನಾಯಿ ರಾತ್ರಿ ಎರಡು ಸಲ ಜೋರಾಗಿ ಬೊಗಳಿತಂತೆ, ಬೆಳಗ್ಗೆ ಎಣಿಸಿದ್ರೆ ಮರಿ ಎಲ್ಲ ಇದ್ವಂತೆ.